ಪೈನ್ ಎಣ್ಣೆ ಮತ್ತು ಅಕ್ಕನ ಚಳಿಗಾಲ

ದೀಪಾವಳಿ ಕಳೆದ ಮೇಲೆ ಅಕ್ಕ ಹೆರಿಗೆಗೆಂದು ಭಟ್ಕಳದ ತನ್ನ ಗಂಡನ ಮನೆಯಿಂದ ಕುಮಟೆಯ ನಮ್ಮ ಮನೆಗೆ ಬಂದಳು. ಗಂಡು ಮಗು ಹುಟ್ಟುವ ಹೊತ್ತಿಗೆ ಚಳಿ ಶುರುವಾಗಿತ್ತು. ನಮ್ಮ ಕಡಲತೀರದ ಚಳಿ ಅಂಥದ್ದೇನಲ್ಲ. ಬೆಳಗಿನ ಜಾವ ಘಟ್ಟದ ಕಡೆಯಿಂದ ಗಾಳಿ ಬೀಸುತ್ತದೆ, ಹಂಚಿನ ಅಂಚಿನಿಂದ ಇಬ್ಬನಿ ತೊಟ್ಟಿಕ್ಕುತ್ತದೆ, ಬಿಸಿಲೇರಿದರೆ ಮತ್ತೆ ಬೆವರು. ಆದರೆ ಬಾಣಂತಿಯಿರುವ ಮನೆಗೆ ಅಷ್ಟು ಚಳಿಯೇ ಶತ್ರು. ಕಿಟಕಿಗಳನ್ನು ಮುಚ್ಚಿದರು. ಅಕ್ಕನ ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ಇಟ್ಟರು. ಮಂಚದ ಕೆಳಗೆ ಕೆಂಡದ ಮಡಕೆ ಬಂತು.

ಅಕ್ಕ ಮಾತಿನ ಮಲ್ಲಿಯಾಗಿದ್ದವಳು. ಭಟ್ಕಳದ ಬಸ್ಸಿನ ಕಂಡಕ್ಟರು, ಮೀನು ಪೇಟೆಯ ಹೆಂಗಸರು, ತನ್ನ ಅತ್ತೆ ಹೀಗೆ ಎಲ್ಲರ ದನಿಯೂ ಅವಳ ಗಂಟಲಲ್ಲಿತ್ತು. ಅವಳು ಮಾತಾಡುತ್ತಿದ್ದುದರಿಂದಲೇ ನನಗೆ ಸುಮ್ಮನಿರುವುದು ಸಾಧ್ಯವಾಗಿತ್ತು. ಮಗು ಹುಟ್ಟಿದ ಮೇಲೆ ಆ ಮಾತು ನಿಂತಿತು. ಎದೆಗೆ ಮಗುವನ್ನು ಇಟ್ಟರೆ ಹಾಲು ಕುಡಿಸುತ್ತಿದ್ದಳು, ಗೋಡೆ ನೋಡುತ್ತ. ಅದು ಅತ್ತರೆ ಯಾರಾದರೂ ಬಂದು ಎತ್ತಿಕೊಳ್ಳಲಿ ಎಂದು ಕಾಯುತ್ತಿದ್ದಳು. ಅದರ ಮುಖವನ್ನು ಅವಳು ನೆಟ್ಟಗೆ ನೋಡಿದ್ದನ್ನು ನಾನು ಕಾಣಲಿಲ್ಲ.

"ಥಂಡಿ ತಲೆಗೆ ಹತ್ತಿದ್ದೇ ಅದು," ಎಂದಳು ಆಯಿ, ನಮ್ಮ ತಾಯಿ. "ಚಳಿ ಒಂದ್ ಹೋಗ್ಲಿ, ತನ್ನಷ್ಟಕೆ ಸರಿ ಆಗ್ತದೆ."

ಬಾಣಂತಿಯನ್ನು ಮೀಯಿಸಲು ದಿನವೂ ಬರುತ್ತಿದ್ದ ನೆರೆಮನೆಯ ಮುದುಕಿಯೂ ಅದನ್ನೇ ಹೇಳಿದಳು. ಕೇರಿಯಲ್ಲಿ ಎಲ್ಲರೂ ಅವಳನ್ನು ದೊಡ್ಡಾಯಿ ಎನ್ನುತ್ತಾರೆ. ನನ್ನನ್ನೂ ಅಕ್ಕನನ್ನೂ ಹುಟ್ಟಿದಾಗ ಕಾಲ ಮೇಲೆ ಮಲಗಿಸಿಕೊಂಡು ಮೀಸಿದವಳು ಅವಳೇ. ನಾನು ಹೊನ್ನಾವರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಥಂಡಿ ತಲೆಗೆ ಹತ್ತುತ್ತದೆ ಎಂಬುದನ್ನು ನಾನು ನಂಬುವುದಿಲ್ಲ. ಆದರೆ ಚಳಿಗಾಲದಲ್ಲಿ ಬೆಳಕು ಕಡಿಮೆಯಾಗಿ ಮನಸ್ಸು ಕುಗ್ಗುತ್ತದೆ ಎಂದು ಮೊಬೈಲಿನಲ್ಲಿ ಓದಿದೆ. ಅದಕ್ಕೆ ಪೈನ್ ಮರದ ಎಣ್ಣೆ, ಹೂವಿನ ಸಾರದ ಹನಿಗಳು ಒಳ್ಳೆಯದೆಂದೂ ಅಲ್ಲಿ ಬರೆದಿತ್ತು. ಅದನ್ನು ನಂಬಿದೆ. ಆಯಿಯ ನಂಬಿಕೆಗೂ ನನ್ನದಕ್ಕೂ ಹೆಚ್ಚು ದೂರವಿರಲಿಲ್ಲ, ಇಬ್ಬರೂ ಚಳಿಯನ್ನೇ ದೂರುತ್ತಿದ್ದೆವು.

ಇಂಥವೆಲ್ಲ ಸಿಗುವುದು ಗೋಕರ್ಣದ ಆಚೆ, ಓಂ ಬೀಚಿಗೆ ಇಳಿಯುವ ದಾರಿಯಲ್ಲಿ. ಪ್ರವಾಸಿಗರ ಕಾಲವಾದ್ದರಿಂದ ಅಂಗಡಿಗಳೆಲ್ಲ ತೆರೆದಿದ್ದವು. ಒಂದು ಭಾನುವಾರ ಮನೆಯಲ್ಲಿ ಕಾಲೇಜಿನ ಕೆಲಸವೆಂದು ಹೇಳಿ ಹೋದೆ. ಅಂಗಡಿಯ ಹೆಂಗಸು ಉತ್ತರದ ಕಡೆಯವಳು, ನಿಧಾನವಾಗಿ ಹಿಂದಿ ಮಾತಾಡುತ್ತಿದ್ದಳು. "ಯಾರಿಗೆ?" ಎಂದು ಕೇಳಿದಳು. ಅಕ್ಕನ ವಿಷಯವನ್ನು ಗುರುತಿಲ್ಲದವರ ಮುಂದೆ ಬಿಚ್ಚಿಡಲು ಮನಸ್ಸಾಗಲಿಲ್ಲ. ನನಗೇ ಎಂದೆ. ಅವಳು ಕುರ್ಚಿ ಎಳೆದು ಕೂರಿಸಿ ಪ್ರಶ್ನೆ ಕೇಳತೊಡಗಿದಳು. ನಿದ್ದೆ ಬರುತ್ತದೆಯೆ, ಹಸಿವಾಗುತ್ತದೆಯೆ, ಇಷ್ಟದವರ ಮುಖ ನೋಡಿದರೆ ಏನನ್ನಿಸುತ್ತದೆ. ಅಕ್ಕನ ಉತ್ತರಗಳನ್ನು ನನ್ನ ಬಾಯಿಂದ ಹೇಳಿದೆ. ಏನೂ ಅನ್ನಿಸುವುದಿಲ್ಲ ಎಂದಾಗ ಅವಳು ನನ್ನ ಕೈ ಹಿಡಿದುಕೊಂಡಳು. ಕಾರಣವಿಲ್ಲದೆ ಕವಿಯುವ ದುಃಖಕ್ಕೆ ಸಾಸಿವೆ ಹೂವಿನ ಸಾರ, ದಿನಕ್ಕೆ ನಾಲ್ಕು ಹನಿ ನೀರಿನಲ್ಲಿ. ಮೂಸಲು ಪೈನ್ ಎಣ್ಣೆ, ಕರವಸ್ತ್ರಕ್ಕೆ ಒಂದೇ ಹನಿ. ಎರಡು ಪುಟ್ಟ ಬಾಟಲಿಗಳನ್ನು ಕಾಗದದಲ್ಲಿ ಸುತ್ತಿ ಕೊಟ್ಟು, ಒಬ್ಬಳೇ ಇರಬೇಡ ಎಂದಳು. ಹಿಂದಿರುಗುವಾಗ ಬಸ್ಸಿನಲ್ಲಿ ಆ ಮಾತು ನನಗೇ ಹೇಳಿದ್ದೇನೋ ಎನ್ನಿಸುವಷ್ಟು ಸಮೀಪವಾಗಿತ್ತು.

ಮನೆಯಲ್ಲಿ ಮೊದಲು ಬಾಟಲಿ ಮೂಸಿದವಳು ದೊಡ್ಡಾಯಿ.

"ಎಂತದೆ ಇದು ತಂಗಿ? ಕಕ್ಕಸು ತೊಳೂ ಫಿನಾಯ್ಲ್ ತಂದಿದ್ಯೆ?"

"ಪೈನ್ ಅಂತ ಮರ ಇರ್ತದೆ ದೊಡ್ಡಾಯಿ, ಹಿಮ ಬೀಳೂ ಊರಲ್ಲಿ. ಅದ್ರ ಎಣ್ಣೆ. ಒಂದ್ ಹನಿ ಮೂಸಿದ್ರೆ ಸಾಕು."

"ಹಿಮದಲ್ಲೂ ನಿಲ್ತದಾ ಮರ? ಹಾಗಾರೆ ಒಳಗೆ ಬೆಂಕಿಯೇ ಇರ್ಬೇಕು. ಥಂಡಿಗೆ ಭಾರೀ ಚಲೋ."

ಆಯಿ ಇನ್ನೊಂದು ಬಾಟಲಿ ಎತ್ತಿಕೊಂಡಿದ್ದಳು. ಸಾಸಿವೆ ಹೂವಿನದು ಎಂದು ಕೇಳಿ ಅವಳ ಮುಖ ಅರಳಿತು. "ಸಾಸಿವೆಯಾ? ಅದನ್ನ ದುಡ್ಡು ಕೊಟ್ಟು ತರ್ಬೇಕಾ? ನಾನು ದಿನಾ ಸಂಜೆ ಸಾಸಿವೆ, ಉಪ್ಪು, ಮೆಣಸು ನಿವಾಳಿಸಿ ಒಲೆಗೆ ಹಾಕ್ತೆ ಇಲ್ವನೆ? ದೃಷ್ಟಿ ಅಂತ ಅವರಿಗೂ ಗೊತ್ತಾಯ್ತು ಕಾಣು."

"ಅದು ಹೂವಿನ ಸಾರ ಆಯಿ. ಕೆಡದಂಗೆ ಬ್ರಾಂಡಿ ಹಾಕಿರ್ತಾರೆ."

"ಬ್ರಾಂಡಿಯೇ ಕೊಡೂದಾದ್ರೆ ಒಂದ್ ಮುಚ್ಚಳ ಕೊಡೂದಪ್ಪ," ಎಂದಳು ದೊಡ್ಡಾಯಿ. "ನಾಕು ಹನಿ ಎಂತಕೆ? ಸೊಳ್ಳೆಗೆ ಕುಡ್ಸೂಕಾ?"

ಆಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನಾನೂ ನಕ್ಕೆ. ಮೂವರೂ ಒಟ್ಟಿಗೇ ಮಂಚದ ಕಡೆ ತಿರುಗಿದೆವು, ಅಕ್ಕ ನಕ್ಕಿರಬಹುದು ಎಂದು. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ನಿದ್ದೆಯಲ್ಲ.

ಹನಿಗಳನ್ನು ಕುಡಿಸಿದೆ. ಬೇಡವೆನ್ನಲಿಲ್ಲ, ಏನೆಂದು ಕೇಳಲೂ ಇಲ್ಲ. ಕರವಸ್ತ್ರಕ್ಕೆ ಪೈನ್ ಎಣ್ಣೆ ಹಾಕಿ ಅವಳ ಕೈಗೆ ಕೊಟ್ಟೆ. ಮಗುವಿಗೆ ಆ ಘಾಟು ತಾಗಬಾರದೆಂದು ತೊಟ್ಟಿಲನ್ನು ಹೊರಗಿನ ಕೋಣೆಗೆ ಸರಿಸಿದೆ. ಎರಡನೆಯದೋ ಮೂರನೆಯದೋ ದಿನ ಅಕ್ಕ ಕರವಸ್ತ್ರ ಮೂಸಿ, "ಚಲೋ ಅದೆ," ಎಂದಳು. ಎರಡೇ ಶಬ್ದ. ಆ ದಿನ ತರಗತಿಯಲ್ಲಿ ನಾನು ಹುಡುಗಿಯರ ಜೊತೆ ಹೆಚ್ಚು ಮಾತಾಡಿದೆನೆಂದು ನೆನಪು. ಪುಟ್ಟ ಬಾಟಲಿಯೊಂದು ಕೆಲಸ ಮಾಡುತ್ತಿದೆ ಎಂದು ನಂಬುವುದು ಎಷ್ಟು ಸುಲಭ. ತೊಟ್ಟಿಲು ಕೋಣೆಯಲ್ಲಿಲ್ಲದ್ದರಿಂದ ಅವಳಿಗೆ ಹಗುರಾಗಿತ್ತೇ ಎಂಬ ಪ್ರಶ್ನೆ ಹುಟ್ಟಿದ್ದು ಬಹಳ ತಡವಾಗಿ.

ಬಾಣಂತಿಯ ಸ್ನಾನವೆಂದರೆ ನಮ್ಮಲ್ಲಿ ಸಣ್ಣ ಕೆಲಸವಲ್ಲ. ನಸುಕಿನಲ್ಲೇ ದೊಡ್ಡಾಯಿ ಬಂದು ಹಂಡೆಗೆ ಬೆಂಕಿ ಹಾಕುತ್ತಾಳೆ. ಕೈ ಇಟ್ಟರೆ ಎಳೆದುಕೊಳ್ಳುವಷ್ಟು ಬಿಸಿ ಬಂದ ಮೇಲೆ ಬಾಣಂತಿಯನ್ನು ಮಣೆಯ ಮೇಲೆ ಕೂರಿಸಿ, ತಂಬಿಗೆಯಿಂದ ನೀರನ್ನು ಬೆನ್ನಿಗೆ, ಸೊಂಟಕ್ಕೆ ಬಡಿದು ಹೊಯ್ಯುತ್ತಾಳೆ. ಬಾಣಂತಿ ಕೂಗಿಕೊಳ್ಳಬೇಕು. "ಸಾಯಿಸ್ತೀಯ ಮುದುಕಿ," ಎಂದು ಬೈಯಬೇಕು. ದೊಡ್ಡಾಯಿಗೆ ನೀರಿನ ಬಿಸಿಯ ಅಳತೆ ಸಿಗುವುದು ಆ ಕೂಗಿನಿಂದಲೇ. ಕೂಗು ಜೋರಾದರೆ ತಣ್ಣೀರು ಬೆರೆಸುತ್ತಾಳೆ, ಇಲ್ಲದಿದ್ದರೆ ಇನ್ನೊಂದು ತಂಬಿಗೆ.

ಸಂಕ್ರಾಂತಿಯ ಆಸುಪಾಸಿನ ಒಂದು ಬೆಳಿಗ್ಗೆ ನಾನು ಹೊನ್ನಾವರದ ಬಸ್ಸಿಗೆ ಹೊರಡುತ್ತಿದ್ದೆ. ಅಂಗಳದಲ್ಲೆಲ್ಲ ಪೈನ್ ವಾಸನೆ. ಅದು ಎಲ್ಲಿಂದ ಎಂದು ತಿಳಿಯಲು ಒಂದು ಕ್ಷಣ ಹಿಡಿಯಿತು. ಬಚ್ಚಲಿನೊಳಗೆ ದೊಡ್ಡಾಯಿಯ ದನಿ, "ಆತು, ಆತು, ಇನ್ನೆರಡೇ ತಂಬಿಗೆ." ನಾನು ಬಾಗಿಲು ತಳ್ಳುವಷ್ಟರಲ್ಲಿ ಅವಳೇ ಹೊರಗೆ ಬಂದಳು. ಎರಡೂ ಕೈ ಮೊಣಕೈವರೆಗೆ ಕೆಂಪು.

"ನನ್ ಕೈಯೇ ಉರೀತದೆ ಮಾರಾಯ್ತಿ. ನಿನ್ ಎಣ್ಣೆ ಮುಕ್ಕಾಲು ಬಾಟ್ಲಿ ಹಂಡೆಗೆ ಹೊಯ್ದಿದ್ದೆ, ಥಂಡಿ ಒಂದೇ ಸಲ ಇಳೀಲಿ ಅಂದೇಳಿ. ಇವ್ಳು ಒಂದ್ ಮಾತು ಹೇಳ್ಲಿಲ್ವೆ!"

ಎಣ್ಣೆ ನೀರಿನಲ್ಲಿ ಕರಗುವುದಿಲ್ಲ. ಮೇಲೆ ತೇಲುತ್ತದೆ, ತಂಬಿಗೆಯಲ್ಲಿ ಮೊದಲು ಏಳುವುದು ಅದೇ. ಇದನ್ನು ನಾನು ಪ್ರತಿ ವರ್ಷ ಕಲಿಸುತ್ತೇನೆ. ಅಕ್ಕ ಮಣೆಯ ಮೇಲೆ ಕೂತಿದ್ದಳು. ಹೆಗಲಿನಿಂದ ಸೊಂಟದವರೆಗೆ ಬೆನ್ನು ಕೆಂಡದ ಬಣ್ಣವಾಗಿತ್ತು. ಆಯಿ ತೆಂಗಿನೆಣ್ಣೆ ತಂದು, ಅದರಲ್ಲಿ ಹತ್ತಿ ಅದ್ದಿ ಒರೆಸತೊಡಗಿದಳು. ದೊಡ್ಡಾಯಿ ಬಾಗಿಲಲ್ಲಿ ನಿಂತು ಸಣ್ಣ ಮಗುವಿನಂತೆ ಅಳುತ್ತಿದ್ದಳು.

ನಾನು ಅಕ್ಕನ ಮುಂದೆ ಕುಕ್ಕರುಗಾಲಿನಲ್ಲಿ ಕೂತೆ. "ಉರೀಲಿಲ್ವ?"

"ಉರೀತಿತ್ತು."

"ಮತ್ತೆ ಎಂತಕೆ ಹೇಳ್ಲಿಲ್ಲ?"

ಅವಳು ಯೋಚಿಸಿದಳು. ನನಗೆ ಸರಿಯಾದ ಉತ್ತರ ಕೊಡಬೇಕೆಂದು ನಿಜವಾಗಿ ಯೋಚಿಸಿದಳು. "ಹೇಳಿದ್ರೆ ಎಂತ ಆಗ್ತಿತ್ತು?" ಎಂದಳು.

ಆ ದಿನ ಕಾಲೇಜಿಗೆ ಹೋಗಲಿಲ್ಲ, ಅಕ್ಕನನ್ನು ಆಸ್ಪತ್ರೆಗೆ ಕರೆದೊಯ್ದೆ. ಬೆನ್ನಿಗೆ ಮುಲಾಮು ಬರೆದುಕೊಟ್ಟ ವೈದ್ಯರೇ ಹೊನ್ನಾವರಕ್ಕೆ ವಾರಕ್ಕೊಮ್ಮೆ ಬರುವ ಮನೋವೈದ್ಯರ ಹತ್ತಿರ ಕಳಿಸಿದರು. ಆಕೆ ನಮ್ಮನ್ನೆಲ್ಲ ಹೊರಗೆ ಕೂರಿಸಿ ಅಕ್ಕನೊಡನೆ ಮಾತಾಡಿದರು. ಆಮೇಲೆ ಹೇಳಿದರು, ಇದು ಥಂಡಿಯಲ್ಲ, ಚಳಿಗಾಲದ ಬೇಸರವೂ ಅಲ್ಲ, ಹೆತ್ತ ಹೆಂಗಸರಿಗೆ ಯಾವ ಕಾಲದಲ್ಲೂ ಬರಬಹುದಾದ ಕಾಯಿಲೆ. ಮಾತ್ರೆಗಳು ಹಾಲುಣಿಸುವವರಿಗೆ ಹೊಂದುವಂಥವು, ತಿಂಗಳುಗಟ್ಟಲೆ ಬೇಕಾಗಬಹುದು, ತಾವಾಗಿ ನಿಲ್ಲಿಸಬಾರದು. ಆಯಿ ತಲೆಯಾಡಿಸಿದಳು. ಹೊರಗೆ ಬಂದು, "ಭಟ್ಕಳದವರಿಗೆ ಇದು ಗೊತ್ತಾಗೂದು ಬೇಡ," ಎಂದಳು. ನಾನು ಒಪ್ಪಿದೆ.

ಶಿವರಾತ್ರಿ ಬಂತು, ಚಳಿ ಹೋಯಿತು. ಕಿಟಕಿ ತೆರೆದರು. ಆಯಿ ದಿನವೂ ಅಕ್ಕನ ಮುಖ ನೋಡುತ್ತಿದ್ದಳು, ಆಕಾಶದಲ್ಲಿ ಮೋಡ ಸರಿದದ್ದನ್ನು ನೋಡುವವರಂತೆ. ನಿದ್ದೆ ಸ್ವಲ್ಪ ಸುಧಾರಿಸಿತ್ತು. ಒಮ್ಮೆ ತಾನಾಗಿ ಚಹಾ ಕೇಳಿದಳು. ಮಾತ್ರೆ ಹಿಡಿಯುತ್ತಿದೆ ಎನ್ನುವಷ್ಟರಲ್ಲಿ ಭಾವ ಬಂದರು. ಅಕ್ಕನನ್ನೂ ಮಗುವನ್ನೂ ಕರೆದೊಯ್ಯಲು ಒಳ್ಳೆಯ ದಿನ ಗೊತ್ತಾಗಿತ್ತು, ಅದನ್ನು ಮುಂದೂಡಲು ನಮ್ಮ ಬಳಿ ಹೇಳಬಹುದಾದ ಕಾರಣವಿರಲಿಲ್ಲ. ಅಕ್ಕನ ಚೀಲದ ತಳದಲ್ಲಿ ಮಾತ್ರೆಗಳನ್ನಿಟ್ಟು, ಕಾಲುನೋವಿನ ಮಾತ್ರೆ ಎನ್ನು ಎಂದು ಹೇಳಿಕೊಟ್ಟೆವು.

ಯುಗಾದಿ ಕಳೆದು ಭಟ್ಕಳಕ್ಕೆ ಹೋದೆ. ನೆಲ ಸುಡುವ ಮಧ್ಯಾಹ್ನ. ಬಂದರಿನ ಕಡೆಯಿಂದ ಒಣಮೀನಿನ ವಾಸನೆ ಬರುತ್ತಿತ್ತು. ಅಕ್ಕನ ಅತ್ತೆ ಒಳ್ಳೆಯ ಹೆಂಗಸು. ಬೆಲ್ಲ ನೀರು ಕೊಟ್ಟು ಕೂರಿಸಿದರು.

"ಕಾಲುನೋವು ಈಗ ಇಲ್ಲ ಅಂದ್ಳು. ಮತ್ತೆ ಮಾತ್ರೆ ಎಂತಕೆ, ಹಾಲಿಗೆ ಹೋಗ್ತದೆ ಅಂದೇಳಿ ನಾನೇ ಬಿಡ್ಸ್ದೆ. ಕೆಲಸ ಎಲ್ಲಾ ಮಾಡ್ತಾಳೆ ತಂಗಿ, ಹೇಳೂಕಿಲ್ಲ. ಮಾತು ಮಾತ್ರ ಕಮ್ಮಿ. ಸೆಕೆ ನೋಡು, ಮಂಡೆ ಕಾಯ್ತದೆ. ಒಂದ್ ಮಳೆ ಬೀಳ್ಲಿ, ಸರಿ ಆಗ್ತಾಳೆ."

ಆಗಲೇ ಹೇಳಬಹುದಿತ್ತು. ಬಾಯಿ ತೆರೆದೆ. ಅಕ್ಕ ಅಡುಗೆಮನೆಯ ಬಾಗಿಲಿನಿಂದ ನನ್ನನ್ನು ನೋಡಿ, ಬೇಡ ಎಂಬಂತೆ ತಲೆಯಲ್ಲಾಡಿಸಿದಳು. ಹಲವು ತಿಂಗಳಲ್ಲಿ ಅವಳು ನನ್ನಿಂದ ಬೇಡಿದ್ದು ಅದೊಂದೇ. ಲೋಟ ಎತ್ತಿ ನೀರು ಕುಡಿದೆ.

ಕೋಣೆಯಲ್ಲಿ ನಾವಿಬ್ಬರೇ ಇದ್ದಾಗ ಮಾತ್ರೆ ಮತ್ತೆ ತಂದುಕೊಡುತ್ತೇನೆ, ಹೊನ್ನಾವರಕ್ಕೆ ಹೋಗೋಣ, ಭಾವನಿಗೆ ನಾನೇ ಹೇಳುತ್ತೇನೆ ಎಂದೆ. ಅವಳು ಎಲ್ಲಕ್ಕೂ ಹೂಂ ಎಂದಳು. ಬೆನ್ನು ಉರಿಯುವಾಗಲೂ ಹೀಗೇ ಕೂತಿದ್ದಿರಬೇಕು. ಮಗು ನನ್ನ ತೊಡೆಯ ಮೇಲಿತ್ತು. ಬೊಚ್ಚು ಬಾಯಿ ತೆರೆದು, ಕಾಲು ಬಡಿಯುತ್ತ ನನ್ನನ್ನು ನೋಡಿ ನಗುತ್ತಿತ್ತು. ಅಕ್ಕ ಆ ನಗುವನ್ನು ಬಹಳ ಹೊತ್ತು ನೋಡಿದಳು.

"ನಿನ್ನ ಕಂಡ್ರೆ ನಗ್ತದೆ," ಎಂದಳು. "ನೀನೇ ಇಟ್ಕ."

ಒಳಗಿನಿಂದ ಅತ್ತೆ ಕೇಳಿಸಿಕೊಂಡು ಜೋರಾಗಿ ನಕ್ಕರು. "ಕೇಳ್ದ್ಯಾ ತಂಗಿ? ಈಗ್ಲೇ ಮಾರೂಕೆ ಹೊರಟಿದ್ದಾಳೆ!"

ಅಕ್ಕ ನಗಲಿಲ್ಲ. ನನ್ನ ಉತ್ತರಕ್ಕೆ ಕಾಯುತ್ತಿದ್ದಳು. ಬಸ್ಸಿನ ಹೊತ್ತಾಯಿತು ಎಂದೆ. ಎದ್ದು, ಮಗುವನ್ನು ಹಾಸಿಗೆಯ ಮೇಲೆ ಅವಳ ಪಕ್ಕದಲ್ಲಿ ಮಲಗಿಸಿದೆ. ಬಸ್ಸಿನಲ್ಲಿ ಗುರುತಿಲ್ಲದವರಿಗೆ ಜಾಗ ಬಿಡುವಂತೆ, ಅವಳು ಸ್ವಲ್ಪ ಸರಿದು ಕೂತಳು.