ಬಂದರಿನ ಗೇಟು, ನಮ್ಮ ಕೆರೆಯ ತೂಬು

ನನಗೆ ಮೂಗಿನ ತುದಿಯಲ್ಲೇ ಕೋಪ. ಹಾಲೆಂಡಿಗೆ ಹೊರಟ ದಿನವೂ ನಾಯ್ನನ ಜೊತೆ ಜಗಳವಾಡಿಕೊಂಡೇ ಮನೆ ಬಿಟ್ಟೆ.

ನಾಯ್ನ ಎಂದರೆ ನಮ್ಮಪ್ಪ. ಹುತ್ತೂರಿನ ಹತ್ತಿರದ ನಮ್ಮೂರಿಗೆ ಆತ ನೀರುಗಂಟಿ. ಕೆರೆಯ ತೂಬು ಎತ್ತಿ ನೀರು ಬಿಡುವುದು, ಯಾರ ಗದ್ದೆಗೆ ಯಾವತ್ತು ಸರದಿ ಎಂದು ಹೇಳುವುದು, ತಲೆತಲಾಂತರದಿಂದ ನಮ್ಮ ಮನೆಯ ಕೆಲಸ. ನಮ್ಮದು ಹಳೇ ತೂಬು. ಏರಿಯಿಂದ ನೀರಿಗಿಳಿದು, ತೂಬಿನ ಕಲ್ಲುಕಂಬಗಳವರೆಗೆ ಈಜಿ, ಮುಳುಗಿ ಗೂಟ ಕೀಳಬೇಕು. ನಾಯ್ನನ ಮಂಡಿ ಸೋತಿತ್ತು, ಇನ್ನು ನೀರಿಗಿಳಿಯಲೇಕೂಡದೆಂದು ಕೋಲಾರದ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಹಾಗಾದರೆ ಮುಂದೆ ಯಾರು? ನಾನು ಎಂದೆ. ನಾಯ್ನ ಮಾತ್ರ ನಮ್ಮ ಚಿಕ್ಕಪ್ಪನ ಮಗನ ಹೆಸರು ಹೇಳಿದ. ಆ ಮಹಾರಾಯನಿಗೆ ನರಸಾಪುರದ ಫ್ಯಾಕ್ಟರಿಯಲ್ಲಿ ಶಿಫ್ಟು, ಕೆರೆಯನ್ನು ಅವನು ನೋಡುವುದೇ ಕಂಪನಿ ಬಸ್ಸಿನ ಕಿಟಕಿಯಿಂದ. ಈಜಂತೂ ಬಾರದು.

"ನಂಗೆ ಈಜು ಕಲಿಸಿದ್ದು ನೀನೇ ತಾನೆ? ಆವತ್ತು ನಾನು ಹೆಣ್ಣು ಅಂತ ಗೊತ್ತಿರ್ಲಿಲ್ವಾ?" ಎಂದು ರೇಗಿದೆ.

"ಹೆಂಗಸ್ರು ತೂಬು ಮುಟ್ಟಬಾರ್ದು ಕಣಮ್ಮ. ಸುಮ್ನೆ ಹೋಗಿ ಬಾ," ಎಂದ.

ಹೋಗುತ್ತಿದ್ದದ್ದು ಹೂವಿನ ಕೆಲಸಕ್ಕೆ. ಅರ್ಧ ಎಕರೆ ಪಾಲಿಹೌಸಿನಲ್ಲಿ ನಾನು ಜರ್ಬೆರಾ ಬೆಳೆಯುತ್ತೇನೆ. ಮಾಲೂರು, ಮುಳಬಾಗಿಲು ಕಡೆಯ ಹೂ ಬೆಳೆಗಾರರ ತಂಡವೊಂದು ಹೊಸ ತಳಿಗಳನ್ನು ನೋಡಲು ಹನ್ನೆರಡು ದಿನ ಹೊರಟಿತ್ತು, ನಾನೂ ಸೇರಿಕೊಂಡೆ. ಹಸಿರುಮನೆಗಳ ಪಕ್ಕದಲ್ಲೇ ಒಂದು ಬಂದರಿನ ಊರು, ನಮಗೆ ಅಲ್ಲೇ ವಸತಿ. ಅದರ ಹೆಸರು ನನ್ನ ನಾಲಿಗೆಗೆ ಕೊನೆಯವರೆಗೂ ಒಗ್ಗಲಿಲ್ಲ, ಗಂಟಲಲ್ಲೇ ಸಿಕ್ಕಿಹಾಕಿಕೊಳ್ಳುತ್ತಿತ್ತು.

ಊರು ಮಾತ್ರ ಎಂಥಾ ಚೆಂದ ಅಂತೀರಿ! ಬಂದರಿನ ಬಾಯಲ್ಲಿ ದಪ್ಪನೆಯ ಇಟ್ಟಿಗೆ ಗೋಪುರ, ಅದರಲ್ಲಿ ಕಾಲುಗಂಟೆಗೊಮ್ಮೆ ರಾಗವಾಗಿ ಬಾರಿಸುವ ಗಂಟೆಗಳು. ಕಾಲುವೆಯ ಉದ್ದಕ್ಕೂ ಮುಂದಕ್ಕೆ ವಾಲಿಕೊಂಡ ಕಿರಿದಾದ ಮನೆಗಳು. ಅವು ವಾಲಿರುವುದು ಮುಪ್ಪಿನಿಂದಲ್ಲವಂತೆ, ಮೇಲಿನ ಅಟ್ಟಕ್ಕೆ ಹಗ್ಗದಲ್ಲಿ ಮೂಟೆ ಎಳೆಯುವಾಗ ಗೋಡೆಗೆ ತಾಗಬಾರದೆಂದು ಹಾಗೆ ಕಟ್ಟುತ್ತಿದ್ದರಂತೆ. ನಾವು ಇಳಿದುಕೊಂಡದ್ದೂ ಅಂಥದೇ ಒಂದು ಹಳೇ ಉಗ್ರಾಣ. ನಮ್ಮ ದೇಶದ ಮೆಣಸು, ಆಚೆ ದ್ವೀಪಗಳ ಲವಂಗ, ಜಾಯಿಕಾಯಿ ಇಲ್ಲೇ ಬಂದು ಬೀಳುತ್ತಿದ್ದವು, ತೊಲೆಗಳಲ್ಲಿ ಇನ್ನೂ ಅದರ ವಾಸನೆ ಇದೆ ಎಂದ ಮನೆಯ ಯಜಮಾನ. ಮೂಸಿ ನೋಡಿದೆ, ಪಾಲಿಶ್ ವಾಸನೆ ಬಿಟ್ಟು ಇನ್ನೇನೂ ಬರಲಿಲ್ಲ. ಆ ದ್ವೀಪಗಳ ಜನರಿಗೆ ಆಗ ಏನು ಸಿಕ್ಕಿತು ಎಂದು ಕೇಳಿದೆ. ಅವನು ಮುಖ ಸಣ್ಣಗೆ ಮಾಡಿಕೊಂಡು, "ಒಳ್ಳೆಯದೇನೂ ಸಿಗಲಿಲ್ಲ" ಎಂದ. ಸುಳ್ಳು ಹೇಳಲಿಲ್ಲವಲ್ಲ ಎಂದು ಆತನ ಮೇಲೆ ಗೌರವ ಬಂತು.

ಆದರೆ ನನ್ನನ್ನು ಬೆರಗುಗೊಳಿಸಿದ್ದು ಅಲ್ಲಿನ ನೀರು. ಒಂದು ಕಾಲಕ್ಕೆ ಅದು ಸಮುದ್ರ. ಉಕ್ಕಿ ಬಂದು ಊರೂರುಗಳನ್ನೇ ನುಂಗುತ್ತಿತ್ತಂತೆ. ಬಾಯಿಗೆ ಅಡ್ಡಲಾಗಿ ಮೈಲುಗಟ್ಟಲೆ ಏರಿ ಹಾಕಿ ಅದನ್ನು ಒಳಗೆ ಕಟ್ಟಿಬಿಟ್ಟರು. ನದಿ ನೀರು ತುಂಬಿ ತುಂಬಿ ಉಪ್ಪು ಹೋಯಿತು, ಸಿಹಿನೀರಾಯಿತು. ಹೆರಿಂಗ್ ಮೀನು ಹೋಯಿತು, ಮೀನಿನವರ ಕಸುಬೂ ಹೋಯಿತು. ಅಯ್ಯೋ, ಸಮುದ್ರಕ್ಕೇ ಏರಿ ಹಾಕಿ ಕೆರೆ ಮಾಡಿಕೊಂಡಿದ್ದಾರಲ್ಲಪ್ಪಾ ಎಂದು ನನಗೆ ನಗು. ಕೆರೆ ಎಂದ ಮೇಲೆ ತೂಬು ಇರಲೇಬೇಕಲ್ಲ, ಹುಡುಕಿಕೊಂಡು ಹೊರಟೆ.

ಸಿಕ್ಕಿತು. ಒಳಬಂದರಿಗೂ ಹೊರನೀರಿಗೂ ನಡುವೆ ಎರಡು ಜೋಡಿ ದೊಡ್ಡ ಗೇಟು. ದೋಣಿ ಒಳಗೆ ಬಂದರೆ ಹಿಂದಿನ ಗೇಟು ಮುಚ್ಚಿ, ನೀರಿನ ಮಟ್ಟ ಸರಿಮಾಡಿ, ಮುಂದಿನ ಗೇಟು ತೆಗೆಯುತ್ತಾರೆ. ನಮ್ಮ ಕಡೆ ತೂಬಿನ ಹತ್ತಿರ ಚಪ್ಪಲಿ ಹಾಕಿಕೊಂಡು ಯಾರೂ ನಿಲ್ಲುವುದಿಲ್ಲ, ಅಲ್ಲಿ ಗಂಗಮ್ಮ ಇರುತ್ತಾಳೆ. ಅಭ್ಯಾಸಬಲ ನೋಡಿ. ಬೂಟು, ಕಾಲುಚೀಲ ಬಿಚ್ಚಿ ಪಕ್ಕಕ್ಕೆ ಜೋಡಿಸಿಟ್ಟೆ, ಹೆಗಲ ಚೀಲ ಅದರ ಮೇಲಿಟ್ಟೆ, ನೀರಿನ ಅಂಚಿಗೆ ಹೋಗಿ ಕೈಮುಗಿದು ಕಣ್ಣು ಮುಚ್ಚಿದೆ.

ಹಿಂದಿನಿಂದ ಯಾರೋ ನನ್ನ ಸೊಂಟಕ್ಕೆ ಕೈಹಾಕಿ ಎಳೆದ ರಭಸಕ್ಕೆ ಇಬ್ಬರೂ ನೆಲಕ್ಕೆ ಬಿದ್ದೆವು. ನೋಡಿದರೆ ಅರವತ್ತರ ಆಸುಪಾಸಿನ ಗಟ್ಟಿಮುಟ್ಟಾದ ಹೆಂಗಸು, ಕಿತ್ತಳೆ ಬಣ್ಣದ ಕೋಟು. ಸಾಯಬೇಡ, ಬೇಡ ಎಂದು ನಡುಗುತ್ತಿದ್ದಾಳೆ. ಬೂಟು ಬಿಚ್ಚಿಟ್ಟು ನೀರಿಗೆ ಮುಖಮಾಡಿ ನಿಂತರೆ ಅವರ ಕಡೆ ಅದಕ್ಕೆ ಅದೊಂದೇ ಅರ್ಥವಂತೆ. ನಮಸ್ಕಾರ ಮಾಡುತ್ತಿದ್ದೆ ತಾಯಿ ಎಂದು ಹರುಕುಮುರುಕು ಇಂಗ್ಲಿಷಿನಲ್ಲಿ ತಿಳಿಸುವಷ್ಟರಲ್ಲಿ ನನಗೆ ಸಾಕುಬೇಕಾಯಿತು. ಆಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆ ಗೇಟು ನೋಡಿಕೊಳ್ಳುವವಳೇ ಆಕೆ. ಅಜ್ಜ ಮೀನುಗಾರ, ಸಮುದ್ರ ಮುಚ್ಚಿದ ಮೇಲೆ ಗೇಟಿನ ಕೆಲಸಕ್ಕೆ ಸೇರಿದ. ಆಮೇಲೆ ಅಪ್ಪ, ಆಮೇಲೆ ಈಕೆ. ಕೇಳಿದ್ದೇ ಚೀಲದಿಂದ ಫೋನು ತೆಗೆದೆ. ಅಲ್ಲಿ ಮಧ್ಯಾಹ್ನವಾದರೆ ನಮ್ಮೂರಲ್ಲಿ ಸಂಜೆ, ನಾಯ್ನ ಏರಿಯ ಮೇಲೇ ಇರುತ್ತಾನೆ. ಅಲ್ಲೇ ನಿಂತು ವಿಡಿಯೋ ಕಾಲ್ ಮಾಡಿದೆ.

"ನಾಯ್ನಾ, ನೋಡು. ಇಷ್ಟು ದೊಡ್ಡ ಕೆರೆಗೆ ಈಯಮ್ಮನೇ ನೀರುಗಂಟಿ."

ಆತ ಫೋನನ್ನು ಮೂಗಿಗೆ ತಾಗಿಸಿಕೊಂಡು ನೋಡಿದ. ಗೇಟು ತೆರೆಯಿತು, ಕಂದು ಹಾಯಿಯ ದೋಣಿಯೊಂದು ದಾಟಿತು, ಗೇಟು ಮುಚ್ಚಿತು.

"ಒಂದು ಮಾತು ಕೇಳು ಆಯಮ್ಮನ್ನ," ಎಂದ. "ನಂಗೆ ಮೊದ್ಲು ಬಿಡು ಅಂತ ಯಾರಾದ್ರೂ ಮೇಲೆ ಬಿದ್ರೆ ಏನ್ ಮಾಡ್ತಾಳೆ?"

ಕೇಳಿದೆ. ಆಕೆ ಭುಜ ಕುಣಿಸಿ, "ಕೂಗಾಡಿದವನ ದೋಣಿ ಕೊನೆಗೆ" ಎಂದಳು.

ಅದನ್ನು ಕನ್ನಡದಲ್ಲಿ ಹೇಳಿದ್ದೇ ತಡ, ನಾಯ್ನ ಬಿದ್ದುಬಿದ್ದು ನಕ್ಕ. "ನಾನೂ ಅದೇ ಮಾಡ್ತಾ ಇದ್ದಿದ್ದು ಕಣೇ! ಅದಕ್ಕೇ ಒಂದ್ ದಪ ಗುದ್ದಲಿ ಕಾವಲ್ಲಿ ತಲೆಗೆ ಬಾರಿಸಿದ್ರು." ನಗು ನಿಂತಿತು. "ನಿಂಗೂ ಹಂಗೇ ಹೊಡುದ್ರೆ ನಾನು ನೋಡ್ಕೊಂಡಿರಾಕಾಗ್ತದಾ ಹೇಳು."

ಹೆಂಗಸರು ಮುಟ್ಟಬಾರದು ಎಂಬ ಮಾತಿನ ಹಿಂದೆ ಇದ್ದದ್ದು ಈ ಭಯ. ಇಷ್ಟು ವರ್ಷ ಬಾಯಿಬಿಟ್ಟು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. "ನಾನೇನ್ ಬಾಯಿಲ್ದೋಳಾ ನಾಯ್ನಾ?" ಎಂದೆ. "ಅದೂ ನಿಜ ಬಿಡು," ಎಂದು ಫೋನ್ ಇಟ್ಟ. ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಉಳಿದ ದಿನಗಳಲ್ಲಿ ಸಂಜೆಯಾದರೆ ಆ ಗೇಟಿನ ಹತ್ತಿರ ಹೋಗಿ ಕೂರುತ್ತಿದ್ದೆ. ಆಕೆ ಕಾಫಿ ಕೊಡುತ್ತಿದ್ದಳು, ಈಗ ಹೊರಸಮುದ್ರದಿಂದ ತರಿಸುವ ಹಸಿ ಹೆರಿಂಗಿಗೆ ಈರುಳ್ಳಿ ಹಾಕಿ ಕೊಟ್ಟಳು. ಮೀನು ಒಂದೇ ತುತ್ತಿಗೆ ಸಾಕಾಯಿತು, ಆಕೆಯ ಸ್ನೇಹ ಈವತ್ತಿಗೂ ಇದೆ.

ಊರಿಗೆ ಮರಳಿದೆ. ಆ ವರ್ಷ ಮಳೆ ಚೆನ್ನಾಗಿ ಬಂದು ಕೆರೆ ತುಂಬಿತ್ತು. ಒಂದು ಶುಕ್ರವಾರ ತೂಬು ಎತ್ತುವುದೆಂದು ಊರಿನವರೆಲ್ಲ ಏರಿಯ ಮೇಲೆ ಸೇರಿದರು. ಚಿಕ್ಕಪ್ಪನ ಮಗ ರಜ ಹಾಕಿ ಬಂದು ಪೆಚ್ಚುಮೋರೆ ಹಾಕಿಕೊಂಡು ನಿಂತಿದ್ದ. ಗಂಗಮ್ಮನಿಗೆ ಪೂಜೆಯಾಯಿತು. ನಾಯ್ನ ಯಾರ ಮುಖವನ್ನೂ ನೋಡದೆ, "ಸೆರಗು ಬಿಗಿಯಾಗಿ ಕಟ್ಕೊ, ಕಾಲು ಕಲ್ಲಿಗೆ ಕೊಟ್ಟು ಎಳಿ," ಎಂದ. ನನಗೇ ಹೇಳಿದ್ದು ಎಂದು ತಿಳಿಯಲು ಒಂದು ಕ್ಷಣ ಬೇಕಾಯಿತು. ಜನ ಗುಸುಗುಸು ಅಂದರು. ನಾನು ಧುಮುಕಿದೆ. ಗೂಟ ಮೊದಲ ಸಲಕ್ಕೆ ಬರಲಿಲ್ಲ, ಎರಡನೇ ಸಲಕ್ಕೂ ಬರಲಿಲ್ಲ. ಮೂರನೇ ಸಲ ಮುಳುಗಿ ಎಳೆದಾಗ ನೀರು ಗುಳುಗುಳು ಎಂದು ಕಾಲುವೆಗೆ ನುಗ್ಗಿತು.

ಏರಿ ಹತ್ತಿ ಬಂದರೆ, ತೂಬಿನ ಪಕ್ಕದ ಗದ್ದೆಯ ದೊಡ್ಡ ರೈತ ನಾಯ್ನನ ಎದುರು ನಿಂತು ಜೋರು ಮಾಡುತ್ತಿದ್ದ. "ಏನಣ್ಣಾ, ನೀರು ನಮ್ಮ ಗದ್ದೆ ಮುಂದೇನೇ ಹೋಗ್ತೈತೆ, ಮೊದ್ಲು ನಮಗೆ ತಿರುಗ್ಸು."

ನಾಯ್ನ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ. "ನನ್ನ ಯಾಕೆ ಕೇಳ್ತೀಯ? ನೀರುಗಂಟಿ ಅಗೋ ಅಲ್ಲವ್ಳೆ, ಕೇಳ್ಕೊ."

ಎಲ್ಲರೂ ನನ್ನ ಕಡೆ ತಿರುಗಿದರು. ಕಿವಿಯಲ್ಲಿ ನೀರು, ಮೈಯೆಲ್ಲ ಕೆಸರು, ಹಲ್ಲು ಕಟಕಟ ಅನ್ನುತ್ತಿತ್ತು. ಆದರೂ ದನಿ ನಡುಗಲಿಲ್ಲ.

"ಮೊದ್ಲು ಕೊನೇ ಗದ್ದೆಗೆ. ನಿಮ್ದು ಗುರುವಾರ," ಎಂದೆ.