ಏಳು ಒಂದುಗಳ ಅಕ್ಕೋರು

ನಮ್ಮ ಗಣಿತದ ಅಕ್ಕೋರು ಮೀನಿನ ಕಿವಿರು ಎತ್ತಿ ನೋಡುತ್ತಿದ್ದುದು ಸೀಮೆಸುಣ್ಣದ ಪುಡಿ ಮೆತ್ತಿದ ಬೆರಳಿನಿಂದಲೇ. ಭಾವಿಕೇರಿಯಲ್ಲಿ ಶಾಲೆ ಬಿಟ್ಟ ಕೂಡಲೇ ಅಮ್ಮನ ಮೀನುಬುಟ್ಟಿಯ ಎದುರು ಬಂದು ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಕಿವಿರು ಕೆಂಪಗಿದ್ದರಷ್ಟೇ ಬಂಗಡೆ ಅವರ ಚೀಲ ಸೇರುತ್ತಿತ್ತು.

"ನಮ್ ಮೇಲೆ ನಂಬ್ಕೆ ಇಲ್ವೇ ಅಕ್ಕೋರೇ?" ಎಂದು ಅಮ್ಮ ಮುಖ ಊದಿಸುವಳು.

"ನಿನ್ ಮೇಲೆ ಅದೆ ಮಾರಾಯ್ತಿ, ಮೀನಿನ ಮೇಲೆ ಇಲ್ಲ."

ಸಂಖ್ಯೆಗಳಿಗೂ ಇದೇ ಪರೀಕ್ಷೆ. ಬಸ್ಸಿನದೋ ದೋಣಿಯದೋ, ನಂಬರು ಕಂಡರೆ ಅಲ್ಲೇ ನಿಂತು ಮೂರರಿಂದ, ಏಳರಿಂದ ಭಾಗಿಸಿ ನೋಡುವರು. ಅವರಿಗೆ ಅಚ್ಚುಮೆಚ್ಚಿನದು ಏಳು ಒಂದುಗಳನ್ನು ಸಾಲಾಗಿ ಬರೆದ ಸಂಖ್ಯೆ: ಹನ್ನೊಂದು ಲಕ್ಷದ ಹನ್ನೊಂದು ಸಾವಿರದ ನೂರ ಹನ್ನೊಂದು. ಪ್ರತಿ ವರ್ಷ ಒಂಬತ್ತನೇ ತರಗತಿಗೆ ಅದನ್ನು ಬರೆದು ತೋರಿಸಿ, "ಇದು ಅವಿಭಾಜ್ಯ. ಇದನ್ನ ಒಡೆಯೂಕೆ ಯಾವ್ದಕ್ಕೂ ಆಗೂದಿಲ್ಲ" ಎನ್ನುವರು. ನೂರರವರೆಗೆ ಭಾಗಿಸಿ ನೋಡಿ, ಮುಂದಿನದನ್ನು ನಂಬಿಬಿಟ್ಟಿದ್ದರು.

ಗಣಿತದಲ್ಲಿ ನಾನು ಅಷ್ಟಕ್ಕಷ್ಟೇ. ಆದರೂ ಆ ಸಂಖ್ಯೆ ತಲೆ ಹೊಕ್ಕಿತು. ಮಳೆಗಾಲದಲ್ಲಿ ದೋಣಿಗಳು ದಡದಲ್ಲಿದ್ದವು. ಅಪ್ಪ ಜಗಲಿಯಲ್ಲಿ ಹರಿದ ಬಲೆ ಹೆಣೆಯುತ್ತ ಕೂತರೆ, ನಾನು ಪಕ್ಕದಲ್ಲಿ ಕೂತು ಒಂದೊಂದೇ ಅವಿಭಾಜ್ಯದಿಂದ ಅದನ್ನು ಭಾಗಿಸುತ್ತಿದ್ದೆ. ನೂರು ದಾಟಿತು, ಇನ್ನೂರೂ ದಾಟಿತು. ಇನ್ನೂರ ಮೂವತ್ತೊಂಬತ್ತಕ್ಕೆ ಬಂದಾಗ ಶೇಷ ಸೊನ್ನೆ! ಖುಷಿಗಿಂತ ಹೆದರಿಕೆಯೇ ಹೆಚ್ಚಾಯಿತು. ತಪ್ಪಿದ್ದರೆ ತರಗತಿಯಲ್ಲಿ ನನ್ನ ಮಾನ ಹೋಗುತ್ತದೆ, ಸರಿಯಿದ್ದರೆ ಅಕ್ಕೋರದು.

ಕೊನೆಗೆ ತರಗತಿಯಲ್ಲಿ ಹೇಳಿಯೇಬಿಟ್ಟೆ. ಅಕ್ಕೋರು 239ನ್ನು ನನಗೆ ಬಂದಿದ್ದ ಭಾಗಲಬ್ಧ 4649ರಿಂದ ಬೋರ್ಡಿನ ಮೇಲೆ ಗುಣಿಸಿದರು. ಕೆಳಗಿನ ಸಾಲಿನಲ್ಲಿ ಏಳೂ ಒಂದುಗಳು ಬಂದು ನಿಂತವು. ಅವರ ಮುಖ ಕೆಂಪೇರಿತು.

"ಇಲ್ ಬಾ ಮಗಾ. ನಾ ಇಷ್ಟ್ ವರ್ಷ ತಪ್ಪ್ ಕಲ್ಸಿದೆ. ಇದನ್ನ ನೀ ಹೇಳ್ಕೊಡು."

ಸೀಮೆಸುಣ್ಣ ನನ್ನ ಕೈಗಿತ್ತು, ಹೋಗಿ ನನ್ನ ಬೆಂಚಿನಲ್ಲಿ ಕೂತರು. ಗಣಿತ ನನಗೂ ಬರುತ್ತದೆ ಎಂದು ನಾನು ನಂಬಿದ್ದು ಅವತ್ತು. ಈಗ ಅದನ್ನೇ ಕಲಿಸಿ ಬದುಕುತ್ತಿದ್ದೇನೆ.

ಅಕ್ಕೋರಿಗೆ ಮಾತ್ರ ವಿಷಯ ಅಲ್ಲಿಗೆ ಮುಗಿಯಲಿಲ್ಲ. ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿ, ಮದುವೆಯ ಊಟದ ಪಂಕ್ತಿಯಲ್ಲಿ, ಹಳೆಯ ವಿದ್ಯಾರ್ಥಿ ಸಿಕ್ಕಿದರೆ ಸಾಕು, "ನಿಂಗೆ ನಾ ತಪ್ಪ್ ಹೇಳಿದ್ದೆ" ಎಂದು ಶುರುಮಾಡುವರು. ಪಾಪ, ಎಷ್ಟೋ ಮಂದಿಗೆ ಆ ಸಂಖ್ಯೆಯ ನೆನಪೇ ಇರಲಿಲ್ಲ. ಕಂಡಕ್ಟರ್ ಆಗಿದ್ದವನೊಬ್ಬನನ್ನು ಸೀಟಿ ಊದಲೂ ಬಿಡದೆ ನಿಲ್ಲಿಸಿಕೊಂಡಿದ್ದರಂತೆ.

ಕಳೆದ ವರ್ಷ ಅಕ್ಕೋರು ಹಬ್ಬುವಾಡದ ತಮ್ಮನ ಮನೆಯಲ್ಲಿ ತೀರಿಕೊಂಡರು. ಕೊನೆಯ ಸಲ ನೋಡಲು ಹೋದಾಗ ಅಲ್ಲಿ ನನ್ನ ಪಕ್ಕದಲ್ಲಿ ಕೂತಿದ್ದ ಕದ್ವಾಡದ ಹೆಂಗಸೊಬ್ಬರು, ಅಕ್ಕೋರ ಬಹಳ ಹಿಂದಿನ ವಿದ್ಯಾರ್ಥಿನಿ, ನನ್ನ ಹೆಸರು ಕೇಳಿದರು. ಹೇಳಿದೆ. ಅವರು ನನ್ನ ಕೈ ಹಿಡಿದುಕೊಂಡರು.

"ನೀನೇ ಅಲ್ವೇ ಆ ಹುಡ್ಗಿ? ಕೋಲೂರ್ಕಂಡು ನಮ್ಮನೆ ತನ್ಕ ಬಂದಿದ್ರು. ತಪ್ಪ್ ತಿದ್ದೂಕೆ ಬಂದೆ ಅಂದ್ರು. ತಿದ್ದಿದ್ದು ಯಾರು ಅಂತ ನಿನ್ ಹೆಸ್ರೂ ಹೇಳಿದ್ರು."

ಹೌದೆಂದು ತಲೆಯಾಡಿಸಿದೆ. ತನ್ನ ತಪ್ಪಿನ ಜೊತೆ ನನ್ನ ಹೆಸರನ್ನೂ ಹೊತ್ತುಕೊಂಡು ಆ ಜೀವ ಊರೂರು ತಿರುಗಿತ್ತು. ನನಗೆ ಒಮ್ಮೆಯೂ ಹೇಳಿರಲಿಲ್ಲ.