ಹದಿನಾಲ್ಕನೆಯ ಸಾಲಿನ ಬೀಗರು

ಅದು ೨೦೨೩ನೆಯ ಇಸವಿ. ನನಗಾಗ ಐವತ್ನಾಲ್ಕು ವರ್ಷ. ನರಗುಂದದ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತಾರು ವರ್ಷ ಕನ್ನಡ ಕಲಿಸಿ, ಸ್ವಯಂ ನಿವೃತ್ತಿ ಪಡೆದು, ರೋಣದ ಮನೆಯಲ್ಲಿ ಇದ್ದೆ. ಆ ವರ್ಷದ ನವೆಂಬರಿನಲ್ಲಿ ಮೊದಲ ಸಲ ವಿಮಾನ ಹತ್ತಿದೆ. ದೆಹಲಿಯಲ್ಲಿದ್ದ ಬಸುರಿ ಮಗಳಿಗೆ ಏಳು ತಿಂಗಳು ತುಂಬಿತ್ತು. ಆಕೆ ಪ್ರಯಾಣ ಮಾಡಕೂಡದೆಂದು ವೈದ್ಯರು ಹೇಳಿದ್ದರಿಂದ, ಕುಬಸದ, ಎಂದರೆ ಸೀಮಂತದ, ಹಸಿರು ಸೀರೆಯನ್ನು ನಾವೇ ಅಲ್ಲಿಗೆ ಒಯ್ಯಬೇಕಾಗಿತ್ತು. ನಾವೆಂದರೆ ನಾನು, ನನ್ನ ಹೆಂಡತಿ, ಗಜೇಂದ್ರಗಡದ ಬೀಗರು ಮತ್ತು ಬೀಗಿತ್ತಿ. ಬೀಗರು ಸೀರೆ ವ್ಯಾಪಾರಿಗಳು, ಆರಡಿಯ ಆಳು, ಜೀವಮಾನವನ್ನೆಲ್ಲ ಅಂಗಡಿಯ ಗಾದಿಯ ಮೇಲೆ ಲೋಡಿಗೆ ಒರಗಿ ಕಳೆದವರು.

ಹುಬ್ಬಳ್ಳಿಯಲ್ಲಿ ಹತ್ತಿದೆವು. ಬೀಗರಿಗೆ ಹದಿನಾಲ್ಕನೆಯ ಸಾಲಿನ ನಡುವಿನ ಆಸನ, ಬೀಗಿತ್ತಿಗೆ ಓಡಾಡುವ ದಾರಿಯ ಪಕ್ಕದ್ದು. ಅವರ ಹಿಂದೆ, ಹದಿನೈದರಲ್ಲಿ, ನನ್ನ ಹೆಂಡತಿಗೆ ನಡುವಿನದು, ನನಗೆ ದಾರಿಯ ಪಕ್ಕದ್ದು. ಹೆಂಡತಿಯ ಬಲ ಮೊಣಕಾಲಿಗೆ ಜೂನ್ ತಿಂಗಳಲ್ಲಿ ಶಸ್ತ್ರಚಿಕಿತ್ಸೆಯಾಗಿತ್ತು. ಅದು ಪೂರ್ತಿ ಮಡಚುತ್ತಿರಲಿಲ್ಲ, ಆಗಾಗ ಚಾಚಲೇಬೇಕಿತ್ತು. ಆಕೆಗೆ ದಾರಿಯ ಪಕ್ಕ ಅನುಕೂಲವಾಗುತ್ತಿತ್ತೆಂಬುದು ನನಗೂ ಹೊಳೆದಿತ್ತು. ಆದರೆ ಚೀಟಿಯ ಮೇಲೆ ಹೆಸರೂ ಸಂಖ್ಯೆಯೂ ಅಚ್ಚಾಗಿದ್ದವು. ಪರೀಕ್ಷೆಯ ಕೋಣೆಯಲ್ಲಿ ಒಬ್ಬನ ಸಂಖ್ಯೆಯ ಮೇಲೆ ಇನ್ನೊಬ್ಬನನ್ನು ನಾನೆಂದೂ ಕೂಡಿಸಿದವನಲ್ಲ.

ವಿಮಾನ ಮೇಲೇರಿದ ಸ್ವಲ್ಪ ಹೊತ್ತಿಗೆ ಬೀಗರು ಕಿಟಕಿಯ ಪಕ್ಕದವನಿಂದ ಆಸನ ಒರಗಿಸುವ ಗುಂಡಿಯ ಉಪಯೋಗವನ್ನು ತಿಳಿದುಕೊಂಡರು. ಅವರ ಆಸನದ ಬೆನ್ನು ನಾಲ್ಕು ಬೆರಳು ಹಿಂದಕ್ಕೆ ಬಂದು ನನ್ನ ಹೆಂಡತಿಯ ಮೊಣಕಾಲಿಗೆ ತಗುಲಿತು. ಆಕೆ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದಳು.

ಸರಿಯಾಗಿ ಕುಳಿತುಕೊಳ್ಳಿ ಎಂದು ಮುಂದಿನವರಿಗೆ ಹೇಳುವುದು ಸಾಮಾನ್ಯ ಸಂಗತಿ. ಆದರೆ ಮುಂದಿನವರು ಗಂಡಿನ ತಂದೆ. ನಾನು ಹೆಣ್ಣಿನ ತಂದೆ. ಮದುವೆಯಾಗಿ ನಾಲ್ಕು ವರ್ಷ ಕಳೆದಿದ್ದರೂ ನಾನು ಅವರಿಗೆ ಹೇಳಿದ ಮಾತುಗಳು ಮುಖ್ಯವಾಗಿ ಎರಡೇ: ‘ಹೌದ್ರಿ’ ಮತ್ತು ‘ಆಗಲ್ರಿ’. ಹೀಗಾಗಿ ತರಗತಿಯ ಉಪಾಯವನ್ನು ಬಳಸಿದೆ. ಒಬ್ಬ ಹುಡುಗ ತಪ್ಪಿದರೆ ನಾನು ಅವನ ಹೆಸರೆತ್ತದೆ ಇಡೀ ತರಗತಿಗೆ ನಿಯಮ ಓದುತ್ತಿದ್ದೆ. ಅಂತೆಯೇ ತಲೆಯ ಮೇಲಿನ ಗುಂಡಿ ಒತ್ತಿ ಗಗನಸಖಿಯನ್ನು ಕರೆದು, ತಗ್ಗಿದ ದನಿಯಲ್ಲಿ ವಿಷಯ ಹೇಳಿದೆ. ಆಕೆ ಮುಂದೆ ಹೋಗಿ, ಆಸನವನ್ನು ನೇರ ಮಾಡಿಕೊಳ್ಳಬೇಕೆಂದು ಹಿಂದಿಯಲ್ಲಿ ಹೇಳಿದಳು. ಬೀಗರು ಕೂಡಲೇ ನೇರ ಮಾಡಿಕೊಂಡರು. ನಿಯಮವೆಂದು ತಿಳಿದಿರಬೇಕು.

ಎರಡು ಗಂಟೆ ಅವರು ಹಾಗೆಯೇ ಕುಳಿತರು. ನಡುನಡುವೆ ತಲೆಯೆತ್ತಿ ಎಡಬಲ ನೋಡುತ್ತಿದ್ದರು. ಉಳಿದ ಸಾಲುಗಳಲ್ಲಿ ಜನ ಒರಗಿ ನಿದ್ರಿಸುತ್ತಿದ್ದರು. ಇಳಿಯುವಾಗ ಸೊಂಟದ ಮೇಲೆ ಕೈಯಿಟ್ಟುಕೊಂಡು, ತಮಗೆ ಬರುವ ವ್ಯಾಪಾರದ ಹಿಂದಿಯಲ್ಲಿ, ನನಗೊಬ್ಬನಿಗೇ ಈ ನಿಯಮವೇಕೆ ಎಂದು ಗಗನಸಖಿಯನ್ನು ಕೇಳಿದರು. ಆಕೆ ನಗುತ್ತಲೇ ನನ್ನ ಕಡೆ ಕೈ ತೋರಿಸಿದಳು.

ಮಗಳ ಮನೆಯಲ್ಲಿ ಒಂದು ದಿವಾನ್ ಮಂಚ ಇತ್ತು. ಅದರ ಮೇಲೆ ಕೂರುವ ಮೊದಲು ಬೀಗರು ಎಲ್ಲರ ಎದುರಿಗೆ ನನ್ನನ್ನು ಕೇಳಿದರು:

“ಮಾಸ್ತರ, ಒರಗಬಹುದೇನ್ರಿ?”

ಮೊದಲ ದಿನ ಎಲ್ಲರೂ ನಕ್ಕರು, ನಾನೂ ನಕ್ಕೆ. ಎರಡನೆಯ ದಿನ ಕುಬಸ. ಮಗಳಿಗೆ ಹಸಿರು ಬಳೆ ತೊಡಿಸಿ ಆರತಿ ಮಾಡುವಾಗ, ನೆರೆಯವರು ಕುರ್ಚಿ ತಂದುಕೊಟ್ಟರೆ, ಬೀಗರು, ಮಾಸ್ತರ ಅಪ್ಪಣೆಯಾಗಲಿ ಎಂದು ನಿಂತೇ ಇದ್ದರು. ಆಗ ಯಾರೂ ನಗಲಿಲ್ಲ. ಮೂರನೆಯ ದಿನ ಕೇಳುವುದನ್ನೂ ಬಿಟ್ಟು, ಅಡುಗೆಮನೆಯ ಬಾಗಿಲ ಬಳಿ ಮೂರು ಕಾಲಿನ ಸ್ಟೂಲಿನ ಮೇಲೆ ನೇರವಾಗಿ ಕುಳಿತರು. ನಾನು ಕೊಟ್ಟ ಚಹಾ ಆರಿತು.

ಅಂದು ಸಂಜೆ ಮಗಳು ನನ್ನನ್ನು ಬಾಲ್ಕನಿಗೆ ಕರೆದಳು. ಅಲ್ಲಿ ಆಕೆಯ ತಾಯಿಯೂ ಇದ್ದಳು.

“ಅಪ್ಪಾಜಿ, ಮಾವನವರು ನಿಮ್ಮ ಕೈಯಾಗಿನ ಚಾ ಮುಟ್ಟವಲ್ರು. ನಾಳೆ ಕೂಸು ಹುಟ್ಟಿದ ಮ್ಯಾಲ ತೊಟ್ಟಿಲಕ್ಕ ನಾ ಯಾರನ್ನ ಕರೀಲಿ, ಯಾರನ್ನ ಬಿಡ್ಲಿ?”

ಅವರ ಗುಣವೇ ಹಾಗೆ, ದಿನ ಕಳೆದಂತೆ ಸರಿಹೋಗುತ್ತದೆ ಎಂದೆ. ನನ್ನ ಹೆಂಡತಿ ಬಟ್ಟೆ ಮಡಚುತ್ತಿದ್ದವಳು ತಲೆಯೆತ್ತದೆ ಹೇಳಿದಳು:

“ಅವರ ಗುಣ ಇರ್ಲಿ. ನೀವು ಎದ್ದು ನನ್ನ ಜಾಗಾಕ್ಕ ಬಂದಿದ್ರ ಆಗತಿತ್ತು. ನಾ ಎರಡ ಸಲ ನಿಮ್ಮ ಮಾರಿ ನೋಡಿದೆ.”

ಆಕೆ ನೋಡಿದ್ದನ್ನು ನಾನು ಕಂಡಿದ್ದೆ.

ಮರಳುವ ವಿಮಾನದಲ್ಲಿಯೂ ಆಸನಗಳು ಅವೇ. ಹೋಗಿ ಬರುವ ಎರಡೂ ಪ್ರಯಾಣಗಳಿಗೆ ಒಂದೇ ಕ್ರಮವಿರಲೆಂದು ನಾನೇ ಹಾಗೆ ಕಾದಿರಿಸಿದ್ದೆ. ಬೀಗರು ಅಂಗಿಯ ಮೇಲೆಯೇ ಸೊಂಟಕ್ಕೆ ನೋವಿನ ಪಟ್ಟಿ ಬಿಗಿದುಕೊಂಡು ಬಂದು ಹದಿನಾಲ್ಕನೆಯ ಸಾಲಿನಲ್ಲಿ ಕುಳಿತರು. ಬೆನ್ನು ಆಸನಕ್ಕೆ ಸೋಕಿರಲಿಲ್ಲ. ಬೆಲ್ಟಿನ ದೀಪ ಆರಿದ ಮೇಲೆ ನಾನು ಎದ್ದು, ಹೆಂಡತಿಯನ್ನು ದಾರಿಯ ಪಕ್ಕಕ್ಕೆ ಕೂಡಿಸಿ, ಆಕೆಯ ಸಂಖ್ಯೆಯ ಆಸನದಲ್ಲಿ ಕುಳಿತೆ. ಯಾರೂ ಬಂದು ಚೀಟಿ ಕೇಳಲಿಲ್ಲ. ಆಮೇಲೆ ಎರಡು ಆಸನಗಳ ಸಂದಿಯಲ್ಲಿ ಮುಖವಿಟ್ಟು ಮಾತಾಡಿದೆ.

“ಬೀಗರ, ಅವತ್ತ ವಿಮಾನದ ಹುಡುಗಿ ಕಡಿಂದ ಹೇಳಿಸಿದಾಂವ ನಾನ. ನಮ್ಮನಿಯವ್ರ ಮೊಣಕಾಲಿಗೆ ಒತ್ತತಿತ್ತು. ನಿಮಗ ಹೇಳಾಕ ಧೈರ್ಯ ಸಾಲಲಿಲ್ಲ.”

ಅವರು ತಿರುಗಲಿಲ್ಲ.

“ಸಾವಿರಾರು ಹುಡುಗರನ್ನ ಅಂಜಿಸಿದವ್ರು ನೀವು. ನನಗ್ಯಾಕ ಅಂಜತೀರಿ?”

“ಹೆಣ್ಣಿನ ಕಡಿಯವ್ರಲ್ಲೇನ್ರಿ ನಾವು?”

ಬೀಗಿತ್ತಿ ಗಂಡನ ಮುಖವನ್ನೊಮ್ಮೆ ನೋಡಿ ಕಣ್ಣು ಮುಚ್ಚಿಕೊಂಡರು.

“ಮೊಣಕಾಲಂತ ಅಂದಿದ್ರ ನಾ ದಿಲ್ಲಿತನಕಾ ನಿಂತ ಬರತಿದ್ದೆ, ಮಾಸ್ತರ. ನನ್ನ ತಪ್ಪು ಆ ಹುಡುಗಿಗೆ ಹೇಳಿದ್ರಿ, ನನಗ ಹೇಳಲಿಲ್ಲ. ಅದು ನಟ್ಟತು ನನಗ.”

ತಪ್ಪಾಯಿತೆಂದು ಹೇಳಿದೆ. ಈಗ ಅವರ ಹಿಂದೆ ಇರುವವನು ನಾನು, ನನ್ನ ಕಾಲುಗಳು ಗಟ್ಟಿಯಾಗಿವೆ, ಸಂಕೋಚವಿಲ್ಲದೆ ಒರಗಬೇಕು ಎಂದೂ ಹೇಳಿದೆ. ಸ್ವಲ್ಪ ತಡೆದು ಅವರು ಗುಂಡಿ ಒತ್ತಿದರು. ಬೆನ್ನು ನಿಧಾನವಾಗಿ ಬಂದು ನನ್ನ ಮೊಣಕಾಲಿನ ಹತ್ತಿರ ನಿಂತಿತು.

“ಇನ್ನೂ ಬರಲ್ಯಾ?”

“ಎರಡು ಬಟ್ಟು ಬರ್ರಿ.”

“ಅದರ ಮ್ಯಾಲ?”

“ಅದರ ಮ್ಯಾಲ ಬ್ಯಾಡ್ರಿ.”

ನಾಲ್ಕು ವರ್ಷಗಳ ಬೀಗತನದಲ್ಲಿ ನಾನು ಅವರಿಗೆ ಬೇಡವೆಂದದ್ದು ಅದೇ ಮೊದಲು. ಅವರು ಸರಿಯಾಗಿ ಎರಡು ಬೆರಳಿನಷ್ಟು ಹಿಂದೆ ಬಂದು, ಅಲ್ಲಿಯೇ ನಿಲ್ಲಿಸಿ, ಸೊಂಟದ ಪಟ್ಟಿಯನ್ನು ಸಡಿಲಿಸಿದರು. ಅಂದು ೨೦೨೩ರ ನವೆಂಬರ್ ಇಪ್ಪತ್ತಾರು, ಭಾನುವಾರ.